ಧಡ್, ಧೋ, ಗಳಗಳ: ಚೀನೀ ಭಾಷೆಯಲ್ಲಿ ಸದ್ದು ಹೇಳುವುದು ಹೇಗೆ?

ಚೀನಾದ ಸಾಮಾನ್ಯ ಭಾಷೆಯಾದ ಮ್ಯಾಂಡರಿನ್ ಕಲಿಯುವ ಕನ್ನಡಿಗರು ಸಾಮಾನ್ಯವಾಗಿ ನಮಸ್ಕಾರ, ಲೆಕ್ಕ, ಊಟ, ದಾರಿ ಕೇಳುವುದು, ಇಷ್ಟನ್ನು ಬೇಗ ಹಿಡಿದುಬಿಡುತ್ತಾರೆ. ಆದರೆ ಬಾಗಿಲು ಧಡಾರ್ ಅಂತ ಮುಚ್ಚಿತು, ಹೊಟ್ಟೆ ಗುರ್ ಅಂತಿದೆ, ಪಕ್ಕದ ರೂಮಿನಲ್ಲಿ ಒಂದೇ ಗಲಾಟೆ ಅಂತ ಹೇಳಬೇಕಾದಾಗ ಬಾಯಿ ಕಟ್ಟುತ್ತದೆ. ಪಠ್ಯಪುಸ್ತಕಗಳಲ್ಲಿ ಇದು ಕೊನೆಯ ಪಾಠ, ಅಥವಾ ಪಾಠವೇ ಇಲ್ಲ. ನನ್ನ ಪ್ರಕಾರ ಇದನ್ನು ಮೊದಲೇ ಕಲಿಯಬೇಕು. ಯಾಕೆಂದರೆ ಅನುಕರಣ ಪದಗಳ ವಿಷಯದಲ್ಲಿ ನಾವು ಬರಿಗೈಯವರಲ್ಲ. ಧಡಧಡ, ಜಿಟಿಜಿಟಿ, ಗಳಗಳ ಇಲ್ಲದೆ ನಮಗೆ ಒಂದು ದಿನ ಕಳೆಯುವುದಿಲ್ಲ. ಆ ಅಭ್ಯಾಸವನ್ನೇ ಹಿಡಿದುಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧದಲ್ಲಿ ಕನ್ನಡ ದಾರಿ ತಪ್ಪಿಸುವ ಜಾಗಗಳೂ ಇವೆ. ಅವನ್ನೂ ಹೇಳುತ್ತೇನೆ.

ಓದುವ ಮೊದಲು: ಇಲ್ಲಿ ಬರೆದಿರುವ ಲಿಪಿ

ಚೀನೀ ಉಚ್ಚಾರವನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬ, ಡ, ಗ ಎಂದು ಬರೆದಿರುವಲ್ಲಿ ಪಿನ್‌ಯಿನ್ (ಚೀನೀಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿ) ಬರಹದಲ್ಲೂ ಅದೇ ಇರುತ್ತದೆ. ಆದರೆ ಬಾಯಲ್ಲಿ ಬರುವ ಸದ್ದು ನಮ್ಮ ಪ, ಟ, ಕ ಕಡೆಗೆ ವಾಲುತ್ತದೆ. ಫ, ಥ, ಖ ಎಂದು ಬರೆದಿರುವಲ್ಲಿ ನಿಜವಾದ ಮಹಾಪ್ರಾಣ ಬೇಕು, ಉಸಿರು ಹೊರಗೆ ನುಗ್ಗಬೇಕು. ಮುಖ್ಯವಾಗಿ ಫ ಅಂದರೆ ಫಲದ ಫ, ಫ್ಯಾನ್‌ನಲ್ಲಿ ಬರುವುದಲ್ಲ. ಫ್ಯಾನ್‌ನದ್ದು ಬೇಕಾದ ಕಡೆ ಚುಕ್ಕಿ ಇಟ್ಟು ಫ಼ ಎಂದು ಬರೆದಿದ್ದೇನೆ. ಶ ಮತ್ತು ಷ ಬೇರೆ ಬೇರೆ. ಶಾಲೆಯಲ್ಲಿ ಮೇಷ್ಟರು ನಾಲಿಗೆ ಮಡಚಿ ಷ ಹೇಳಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಮಾತ್ರ ನಮ್ಮ ಲಿಪಿಯಲ್ಲಿ ಕಾಣಿಸುವುದಿಲ್ಲ. ಅದಕ್ಕೊಂದು ಒಳ್ಳೆಯ ಸುದ್ದಿ ಮುಂದೆ ಇದೆ.

ಹಂತ 1: ಸದ್ದಾ, ದನಿಯಾ, ಗಲಾಟೆಯಾ?

ಅನುಕರಣ ಪದಕ್ಕಿಂತ ಮೊದಲು ಮೂರು ಸಾಮಾನ್ಯ ಪದ ಗಟ್ಟಿ ಮಾಡಿಕೊಳ್ಳಿ.

'ಷಂಗ್‌ಯಿನ್' ಎಲ್ಲದಕ್ಕೂ ಆಗುತ್ತದೆ. ಮನುಷ್ಯರ ದನಿ, ಫ್ಯಾನಿನ ಸದ್ದು, ಟೀವಿಯ ವಾಲ್ಯೂಮ್, ಎಲ್ಲ ಇದೇ. "ಅದೇನು ಸದ್ದು?" ಅಂತ ಕೇಳಲು "ಷನ್ಮ ಷಂಗ್‌ಯಿನ್?" ಅಂದರೆ ಸಾಕು. ಜೋರು, ಮೆಲ್ಲಗೆ ಎನ್ನುವುದನ್ನು ದಿನದ ಮಾತಿನಲ್ಲಿ ದೊಡ್ಡದು, ಚಿಕ್ಕದು ಎಂದೇ ಹೇಳುತ್ತಾರೆ. "ಷಂಗ್‌ಯಿನ್ ಥಾಯ್ ಡಾ ಲ" ಅಂದರೆ ಸದ್ದು ಜಾಸ್ತಿಯಾಯಿತು. "ಶ್ಯಾವ್‌ಷಂಗ್ ಯೀಡಿಯೆನ್" ಅಂದರೆ ಸ್ವಲ್ಪ ಮೆಲ್ಲಗೆ.

'ಶ್ಯಾಂಗ್' ಕ್ರಿಯಾಪದ. ಸದ್ದಾಗು, ಬಾರಿಸು, ರಿಂಗಾಗು ಎಲ್ಲ ಸೇರಿ ಒಂದೇ ಪದ. "ನೀ ಡ ಷೋವ್‌ಜೀ ಶ್ಯಾಂಗ್ ಲ": ನಿಮ್ಮ ಮೊಬೈಲ್ ರಿಂಗಾಗುತ್ತಿದೆ. ಈ ವಾಕ್ಯವನ್ನು ಹಾಗೇ ಬಾಯಿಪಾಠ ಮಾಡಿ, ಯಾವತ್ತಾದರೂ ಬೇಕಾಗುತ್ತದೆ.

'ಛಾವ್' ಅಂದರೆ ಗಲಾಟೆ. ವಿಶೇಷಣವೂ ಹೌದು, ಕ್ರಿಯಾಪದವೂ ಹೌದು. "ಥಾಯ್ ಛಾವ್ ಲ" ಅಂದರೆ ತುಂಬಾ ಗಲಾಟೆ. "ಬಿಯೆ ಛಾವ್" ಅಂದರೆ ಗಲಾಟೆ ಮಾಡಬೇಡ. "ಛಾವ್ ಸ್ ಲ" ಎಂದರೆ ಗಲಾಟೆಯಲ್ಲಿ ಸತ್ತೇ ಹೋದೆ ಅನ್ನುವಷ್ಟು ರೇಗಾಟ. 'ಛಾವ್‌ಶಿಂಗ್' ಅಂದರೆ ಗಲಾಟೆಯಿಂದ ಎಬ್ಬಿಸಿಬಿಡುವುದು. 'ಛಾವ್‌ಜ್ಯಾ' ಅಂದರೆ ಜಗಳ. ಎಲ್ಲ ಒಂದೇ ಬೇರು.

ನಿಘಂಟಿನಲ್ಲಿ ಶಬ್ದಮಾಲಿನ್ಯದ ಪಕ್ಕ 'ತ್ಸಾವ್‌ಯಿನ್' ಅಂತ ಸಿಗುತ್ತದೆ. ಕಿವಿಗೆ ಹಿಂಸೆ ಕೊಡುವ ಸದ್ದಿಗೆ ಅದು ಸರಿ. ಆದರೆ ಕತ್ತಲಲ್ಲಿ ಏನೋ ಸರಕ್ ಅಂದಿತು ಅಂತ ಹೇಳುವಾಗ ಅದನ್ನು ಬಳಸಬೇಡಿ. ಅಲ್ಲಿಗೆ 'ಡೊಂಗ್‌ಜಿಂಗ್' ಬೇಕು. ಸಪ್ಪಳ, ಸುಳಿವು ಎರಡೂ ಅದರಲ್ಲೇ ಇದೆ. "ಮೇಯ್ ಡೊಂಗ್‌ಜಿಂಗ್" ಅಂದರೆ ಸದ್ದೇ ಇಲ್ಲ. ನಾವು "ಅವನದ್ದು ಸದ್ದೇ ಇಲ್ಲ" ಅನ್ನುತ್ತೇವಲ್ಲ, ಆ ಅರ್ಥದಲ್ಲೂ ನಡೆಯುತ್ತದೆ.

ಎಲ್ಲ ಗಲಾಟೆಯೂ ಕೆಟ್ಟದ್ದಲ್ಲ. ಜಾತ್ರೆ, ಮದುವೆ, ತುಂಬಿದ ಹೋಟೆಲ್ಲಿನ ಗದ್ದಲಕ್ಕೆ 'ರನಾವ್' ಎನ್ನುತ್ತಾರೆ. ಕಳೆಕಳೆಯಾಗಿದೆ ಅನ್ನುವ ಹಾಗೆ. ಯಾರದಾದರೂ ಮನೆಯ ಹಬ್ಬಕ್ಕೆ ಹೋಗಿ "ಛಾವ್" ಅಂದರೆ ಬೇಜಾರಾಗುತ್ತಾರೆ, "ರನಾವ್" ಅಂದರೆ ಖುಷಿಪಡುತ್ತಾರೆ.

ಹಂತ 2: ಚೌಕಟ್ಟು ಮೊದಲು, ಪಟ್ಟಿ ಆಮೇಲೆ

ಬಹಳ ಜನ ನಾಯಿಗೆ ಏನಂತಾರೆ, ಬೆಕ್ಕಿಗೆ ಏನಂತಾರೆ ಅಂತ ಪಟ್ಟಿ ಹಿಡಿದು ಕೂರುತ್ತಾರೆ. ಅದರಿಂದ ವಾಕ್ಯ ಹುಟ್ಟುವುದಿಲ್ಲ. ಕನ್ನಡದಲ್ಲಿ ಧಡ್ ಎನ್ನುವುದಕ್ಕೆ 'ಅಂತ' ಸೇರಿದರೆ ತಾನೇ ಅದು ಮಾತಾಗುವುದು? ಚೀನೀಯಲ್ಲೂ ಅಂಥ ಅಂಟು ಇದೆ. ಅದನ್ನು ಕಲಿತರೆ ಯಾವ ಸದ್ದನ್ನಾದರೂ ಕೂರಿಸಬಹುದು.

ಒಂದೇ ಸಲ ಆಗಿ ಮುಗಿಯುವ ಸದ್ದಿಗೆ: ಸದ್ದು + 'ಡ ಯೀ ಷಂಗ್'.

"ಫಂಗ್ ಡ ಯೀ ಷಂಗ್, ಮನ್ ಗ್ವಾನ್‌ಷಾಂಗ್ ಲ."
ಧಡ್ ಅಂತ ಬಾಗಿಲು ಮುಚ್ಚಿತು.

"ಖಾಛಾ ಡ ಯೀ ಷಂಗ್, ಷೂಜ ಡ್ವಾನ್ ಲ."
ಲಟಕ್ ಅಂತ ಕೊಂಬೆ ಮುರಿಯಿತು.

'ಯೀ ಷಂಗ್' ಅಂದರೆ ಒಂದು ಸದ್ದು. ನಮ್ಮ 'ಅಂತ' ಮಾಡುವ ಕೆಲಸವನ್ನು ಅದು ಮಾಡುತ್ತಿದೆ. ವೇಗವಾಗಿ ಮಾತಾಡುವಾಗ ನಡುವಿನ 'ಡ' ಬಿದ್ದುಹೋಗುವುದೂ ಉಂಟು. ಬರೀ "ಖಾಛಾ ಯೀ ಷಂಗ್" ಅಂದರೂ ತಪ್ಪಿಲ್ಲ. ಕ್ಯಾಮರಾ ಕ್ಲಿಕ್ಕಿಗೂ ಇದೇ ಖಾಛಾ.

ಬಿಡದೆ ನಡೆಯುವ ಸದ್ದಿಗೆ: ಜೋಡಿಪದ + 'ಡ' + ಕ್ರಿಯಾಪದ.

"ಯೂ ಹ್ವಾಹ್ವಾ ಡ ಶ್ಯಾ ಜ."
ಮಳೆ ಧೋ ಅಂತ ಸುರಿಯುತ್ತಿದೆ.

ಪದಗಳ ಸಾಲು ನೋಡಿ. ಮಳೆ, ಸದ್ದು, ಆಮೇಲೆ ಕ್ರಿಯೆ. ಕನ್ನಡದ ಸಾಲೇ. ಇಲ್ಲಿ ನಿಮಗೆ ಯಾವ ಕಸರತ್ತೂ ಬೇಡ.

ದೇಹದ ಸದ್ದಿಗೆ 'ಡ' ಕೂಡ ಬೇಕಾಗುವುದಿಲ್ಲ. "ಡೂತ್ಸ ಗೂಗೂ ಜ್ಯಾವ್" ಅಂದರೆ ಹೊಟ್ಟೆ ಹಸಿವಿನಿಂದ ಗುರ್‌ಗುರ್ ಅಂತಿದೆ. "ಶಿನ್ ಫಂಗ್‌ಫಂಗ್ ಥ್ಯಾವ್" ಅಂದರೆ ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಗೊರಕೆಗೆ "ಡಾ ಹೂಲು" ಅನ್ನುತ್ತಾರೆ. 'ಡಾ' ಎಂದರೆ ಹೊಡೆ. ಗೊರಕೆ ಹೊಡೆಯುವುದು ಅಂತ ನಾವೂ ಹೇಳುತ್ತೇವೆ, ಅಲ್ವಾ?

ಇನ್ನೊಂದು ಚೌಕಟ್ಟಿನಲ್ಲಿ ಸದ್ದು ಕೊನೆಗೆ ಬರುತ್ತದೆ, ಎಷ್ಟರಮಟ್ಟಿಗೆ ಎಂದು ಹೇಳಲು. "ಖೂ ಡ ಶೀಲಿಹ್ವಾಲಾ": ಗಳಗಳ ಅತ್ತಳು. 'ಖೂ' ಅಂದರೆ ಅಳು. ಈ ಶೀಲಿಹ್ವಾಲಾ ಪದ ಆಟದಲ್ಲಿ ಹೀನಾಯವಾಗಿ ಸೋತದ್ದಕ್ಕೂ ಆಗುತ್ತದೆ. ಏನೋ ಕುಸಿದು ಚೆಲ್ಲಾಪಿಲ್ಲಿಯಾದ ಸದ್ದು ಅದರೊಳಗಿದೆ.

ಬರೆಯುವವರಿಗೆ ಒಂದು ಎಚ್ಚರಿಕೆ. ಮೇಲಿನ ಮೂರು 'ಡ'ಗಳ ಅಕ್ಷರ ಬೇರೆ ಬೇರೆ. 'ಯೀ ಷಂಗ್' ಮುಂದಿನದು ಒಂದು, ಕ್ರಿಯಾಪದದ ಮುಂದಿನದು ಇನ್ನೊಂದು, ಕ್ರಿಯಾಪದದ ಹಿಂದಿನದು ಮತ್ತೊಂದು. ಮಾತಿಗೆ ಮೂರೂ ಒಂದೇ. ಚೀನೀಯರೇ ಮೊಬೈಲ್‌ನಲ್ಲಿ ಟೈಪ್ ಮಾಡುವಾಗ ಒಂದರ ಬದಲು ಒಂದು ಹಾಕಿಬಿಡುತ್ತಾರೆ. ಪರೀಕ್ಷೆ ಬರೆಯುವವರು ಮಾತ್ರ ಜಾಗ್ರತೆಯಾಗಿರಿ.

ಹಂತ 3: ಟೋನ್ ಚಿಂತೆ ಬಿಡಿ, ಮೇಲಿನ ಶ್ರುತಿ ಹಿಡಿಯಿರಿ

ಒಳ್ಳೆಯ ಸುದ್ದಿ ಇದೇ. ಮ್ಯಾಂಡರಿನ್‌ನ ಅನುಕರಣ ಪದಗಳಲ್ಲಿ ಬಹುಪಾಲು ಒಂದನೇ ಟೋನ್‌ನವು. ದನಿ ಎತ್ತರದಲ್ಲಿ ಶುರುವಾಗಬೇಕು, ತಂಬೂರಿಯ ಶ್ರುತಿಯ ಹಾಗೆ ಅಲ್ಲೇ ನಿಲ್ಲಬೇಕು, ಏರಿಳಿತ ಬೇಡ. ಫಂಗ್, ಫಾ, ಹ್ವಾಲಾ, ಡಿಂಗ್‌ಡೊಂಗ್, ಮ್ಯಾವ್, ಎಲ್ಲ ಒಂದೇ ಎತ್ತರ. ಹೊಸ ಅನುಕರಣ ಪದದ ಟೋನ್ ಗೊತ್ತಿಲ್ಲದಿದ್ದರೆ ಒಂದನೆಯದನ್ನೇ ಊಹಿಸಿ. ಹೆಚ್ಚಿನ ಸಲ ಸರಿಯಾಗಿರುತ್ತೀರಿ. ಜಿಟಿಜಿಟಿ ಮಳೆಯ 'ಶೀಶೀಲೀಲೀ' ಥರದ ಕೆಲವು ಹೊರತು. ಅದರಲ್ಲಿ ಕೊನೆಯ ಎರಡು ಲೀ ಮೇಲಿನಿಂದ ಕೆಳಗೆ ಬೀಳುತ್ತವೆ.

ಟೋನ್ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಜೋಡಿ ನೋಡಿ. ನೀರಿಗೆ ದುಡುಮ್ ಅಂತ ಬೀಳುವ ಸದ್ದು 'ಫೂಥೊಂಗ್'. ಸಾಮಾನ್ಯ, ಸಾಧಾರಣ ಅನ್ನುವುದಕ್ಕೂ 'ಫೂಥೊಂಗ್'. ಮ್ಯಾಂಡರಿನ್‌ಗೆ ಚೀನಾದಲ್ಲಿ ಹೇಳುವ ಹೆಸರು 'ಫೂಥೊಂಗ್‌ಹ್ವಾ', ಅಂದರೆ ಸಾಮಾನ್ಯ ಭಾಷೆ. ಬೀಳುವುದರ ಫೂ ಎತ್ತರದ ಸಮ ದನಿ, ಸಾಮಾನ್ಯದ ಫೂ ಕೆಳಗಿಳಿಯುವ ಮೂರನೇ ಟೋನ್. ವ್ಯತ್ಯಾಸ ಅಷ್ಟೇ. ಹಾಗೆಯೇ 'ಶ್ಯಾವ್‌ಷಂಗ್' ಮೂರನೇ ಟೋನ್‌ನಲ್ಲಿ ಶುರುವಾದರೆ ಮೆಲುದನಿ, ಮೇಲಿನಿಂದ ಕೆಳಗೆ ಬೀಳುವ ನಾಲ್ಕನೆಯದರಲ್ಲಿ ಶುರುವಾದರೆ ನಗುವಿನ ಸದ್ದು.

ಹಂತ 4: ಪದದ ಕೊನೆಯ ಟ್, ಪ್, ಕ್ ಕಿತ್ತುಹಾಕಿ

ನಮ್ಮ ಸದ್ದುಗಳು ಹೆಚ್ಚಾಗಿ ಕಚಕ್ಕನೆ ನಿಲ್ಲುತ್ತವೆ. ಟಪ್, ಟಕ್, ಫಟ್, ದಬ್. ಮ್ಯಾಂಡರಿನ್‌ಗೆ ಹಾಗೆ ನಿಲ್ಲುವ ದಾರಿಯೇ ಇಲ್ಲ. ಅದರ ಉಚ್ಚಾರಾಂಶಗಳು ಸ್ವರದಲ್ಲಿ ಮುಗಿಯಬೇಕು, ಇಲ್ಲ 'ನ್' ಅಥವಾ 'ಂಗ್' ಆಗಬೇಕು, ಅಪರೂಪಕ್ಕೆ 'ರ್' ಬರುತ್ತದೆ. ಹಾಗಾಗಿ ಕೆನ್ನೆಗೆ ಬಿದ್ದ ಫಟ್ ಅಲ್ಲಿ 'ಫಾ'. ಬಾಗಿಲಿನ ಟಕ್‌ಟಕ್ ಅಲ್ಲಿ 'ಡೊಂಗ್‌ಡೊಂಗ್'. ಡೋಲಿನ ಸದ್ದೂ ಡೊಂಗ್‌ಡೊಂಗ್‌ನೇ. ದಕ್ಷಿಣದ ಕ್ಯಾಂಟನೀಸ್‌ನಲ್ಲಿ ಪ್, ಟ್, ಕ್ ಇನ್ನೂ ಉಳಿದಿವೆ. ಅದು ಬೇರೆ ಕತೆ.

ಇದನ್ನೇ ಉಪಯೋಗಕ್ಕೆ ತಿರುಗಿಸಿಕೊಳ್ಳಬಹುದು. 'ಂಗ್'ನಲ್ಲಿ ಮುಗಿದರೆ ಸದ್ದು ಗುಂಯ್ಗುಡುತ್ತಾ ಉಳಿಯುತ್ತದೆ ಎಂದು ತಿಳಿಯಿರಿ. ಗಂಟೆ, ಲೋಹ, ಡೋಲು, ಸ್ಫೋಟ. ದುಂಬಿಯ 'ವಂಗ್‌ವಂಗ್', ಕರೆಗಂಟೆಯ 'ಡಿಂಗ್‌ಡೊಂಗ್', ಗುಡುಗಿನ 'ಹೊಂಗ್‌ಲೊಂಗ್‌ಲೊಂಗ್'. ಬರೀ 'ಆ'ದಲ್ಲಿ ಮುಗಿದರೆ ಸದ್ದು ಚೂರಾಗುತ್ತದೆ ಅಥವಾ ಚೆಲ್ಲುತ್ತದೆ. ಫಾ, ಹ್ವಾ, ಖಾಛಾ.

ಎರಡು ಭಾಗ ಇದ್ದರೆ ಬಹಳಷ್ಟು ಕಡೆ 'ಇ' ಮೊದಲು, 'ಆ' ಆಮೇಲೆ: ಗಡಿಯಾರದ 'ಡೀಡಾ', ಲೋಹದ 'ಡಿಂಗ್‌ಡಾಂಗ್', ಪಟಾಕಿಯ 'ಫೀಲಿಫಾಲಾ'. ನಮ್ಮ ಗಡಿಯಾರವೂ ಟಿಕ್ ಟಾಕ್ ಅನ್ನುತ್ತದೆಯೇ ಹೊರತು ಟಾಕ್ ಟಿಕ್ ಅನ್ನುವುದಿಲ್ಲ.

ಹಂತ 5: ಉದ್ದ ಮಾಡುವುದು, ಮಡಿಸುವುದು

ಒಂದು ಸದ್ದನ್ನು ಹೇಗೆ ಮಡಿಸುತ್ತೀರಿ ಎನ್ನುವುದರ ಮೇಲೆ ಅದರ ಚಿತ್ರ ಬದಲಾಗುತ್ತದೆ. ಮಳೆಯನ್ನೇ ಹಿಡಿಯೋಣ, ಅದು ನಮಗೆ ಚೆನ್ನಾಗಿ ಗೊತ್ತಿರುವ ವಿಷಯ.

ಸಣ್ಣ ಜಿಟಿಜಿಟಿ ಮಳೆ 'ಶೀಶೀಲೀಲೀ'. ಎಲೆಗಳ ಮೇಲೆ ಸರಸರ ಬೀಳುವ ಹಗುರ ಮಳೆ 'ಷಾಷಾ'. ಇದು ಕಾಗದದ ಮೇಲೆ ಪೆನ್ನು ಓಡುವ ಸದ್ದೂ ಹೌದು. ಧೋ ಎನ್ನುವ ಮಳೆ 'ಹ್ವಾಹ್ವಾ'. ಆಕಾಶವೇ ಕಿತ್ತುಕೊಂಡು ಬಂದಂತೆ ಸುರಿದರೆ 'ಹ್ವಾಲಾಲಾ'. ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವುದು 'ಡೀಡಾ ಡೀಡಾ'.

ಹ್ವಾ ಒಂದನ್ನೇ ಗಮನಿಸಿ. ಒಮ್ಮೆ ಮಾತ್ರ ಹೇಳಿದರೆ ಬಕೆಟ್ ನೀರು ಸುರಿದಷ್ಟು. 'ಹ್ವಾಹ್ವಾ' ಅಂದರೆ ಬಿಡದೆ ಹರಿಯುತ್ತಿದೆ. 'ಹ್ವಾಲಾ' ಅಂದರೆ ಏನೋ ಒಟ್ಟಿಗೆ ಚೆಲ್ಲಿತು ಅಥವಾ ಕುಸಿಯಿತು. 'ಹ್ವಾಲಾಲಾ' ಅಂದರೆ ಕುಸಿಯುವುದೋ ಸುರಿಯುವುದೋ ಎಳೆದುಕೊಂಡು ಹೋಗುತ್ತಿದೆ. 'ಹ್ವಾಲಾ ಹ್ವಾಲಾ' ಅಂದರೆ ಅಲೆಯಂತೆ ಮತ್ತೆ ಮತ್ತೆ. ಕೊನೆಗೆ 'ಶೀಲಿಹ್ವಾಲಾ'ದಲ್ಲಿ ಎಲ್ಲ ಕಲಸಿಹೋಗುತ್ತದೆ.

ನಡುವೆ 'ಲಿ' ಬರುವ ಈ ನಾಲ್ಕಕ್ಷರದ ಅಚ್ಚು ನನಗೆ ಎಲ್ಲಕ್ಕಿಂತ ಇಷ್ಟ. ಅವ್ಯವಸ್ಥೆ ಎಲ್ಲಿದೆಯೋ ಅಲ್ಲಿ ಇದು ಹಾಜರು. 'ಫೀಲಿಫಾಲಾ' ಪಟಾಕಿಗೂ ಸರಿ, ಕೀಬೋರ್ಡ್ ಕುಟ್ಟುವುದಕ್ಕೂ ಸರಿ. 'ಜೀಲಿಗೂಲೂ' ಅಂದರೆ ಅರ್ಥವಾಗದ ಮಾತು. ನಾವು ನಾಲ್ಕು ಜನ ಕನ್ನಡಿಗರು ಬೀಜಿಂಗ್‌ನ ಮೆಟ್ರೋದಲ್ಲಿ ಮಾತಾಡುತ್ತಿದ್ದರೆ ಪಕ್ಕದವರ ಕಿವಿಗೆ ಬೀಳುವುದು ಅದೇ. ಸ್ವಲ್ಪ ಜೋರಾಗಿ ಮಾತಾಡಿದರೆ 'ಜೀಲಿಗ್ವಾಲಾ'.

ಹಂತ 6: ಪ್ರಾಣಿಗಳು, ಬೇಗ ಮುಗಿಸೋಣ

ನಾಯಿ ವಾಂಗ್‌ವಾಂಗ್, ಬೆಕ್ಕು ಮ್ಯಾವ್, ಹಸು ಮೋವ್, ಕುರಿ ಮ್ಯೇ, ಬಾತುಕೋಳಿ ಗಾಗಾ, ಕಪ್ಪೆ ಗ್ವಾಗ್ವಾ, ಹುಂಜ ವೋವೋ, ಪಾರಿವಾಳ ಗೂಗೂ, ಹಕ್ಕಿಗಳ ಚಿಲಿಪಿಲಿ ಜೀಜೀಜಾಜಾ. ಕೊನೆಯದು ತರಗತಿಯಲ್ಲಿ ಮಕ್ಕಳು ಮಾಡುವ ಗಲಾಟೆಗೂ ಆಗುತ್ತದೆ.

ಕ್ರಿಯಾಪದ ಇನ್ನೂ ಸುಲಭ. ನಮ್ಮಲ್ಲಿ ನಾಯಿ ಬೊಗಳಬೇಕು, ಕೋಳಿ ಕೂಗಬೇಕು, ಕುದುರೆ ಕೆನೆಯಬೇಕು, ಕಪ್ಪೆ ವಟಗುಟ್ಟಬೇಕು. ಚೀನೀಯಲ್ಲಿ ದಿನದ ಮಾತಿಗೆ ಎಲ್ಲದಕ್ಕೂ 'ಜ್ಯಾವ್' ಸಾಕು. ಮೊದಲ ಪಾಠದಲ್ಲಿ "ವೋ ಜ್ಯಾವ್" ಎಂದು ನಿಮ್ಮ ಹೆಸರು ಹೇಳಲು ಕಲಿತಿರಲ್ಲ, ಆ ಜ್ಯಾವ್‌ನೇ ಇದು.

ಕೆಲವು ಜೀವಿಗಳಿಗೆ ಕೂಗೇ ಹೆಸರಾಗಿದೆ. ಜೀರುಂಡೆಯ ಜಾತಿಯ ಸಿಕಾಡಾ 'ಜಿಲ್ಯಾವ್'. ಒಂದು ಬಗೆಯ ಕೋಗಿಲೆ 'ಬೂಗೂ'. ಆ ಎರಡು ಅಕ್ಷರಗಳ ಅರ್ಥ 'ಬಿತ್ತು, ಕಾಳು' ಎಂದೂ ಆಗುವುದರಿಂದ, ಬಿತ್ತನೆ ಕಾಲದಲ್ಲಿ ಹಕ್ಕಿ ರೈತರನ್ನು ಎಚ್ಚರಿಸುತ್ತದೆ ಅನ್ನುತ್ತಾರೆ.

ಹಂತ 7: ಅಕ್ಷರದಲ್ಲಿ ಸುಳಿವು ಹುಡುಕಿ

ಓದುವಾಗ ಅನುಕರಣ ಪದವನ್ನು ಹಿಡಿಯುವ ಉಪಾಯ: ಎಡಗಡೆ ಸಣ್ಣ ಚೌಕ ಇದೆಯಾ ನೋಡಿ. ಅದು ಬಾಯಿ. ಮ್ಯಾವ್, ಮೋವ್, ಹ್ವಾ, ಹಾಹಾ, ವಂಗ್, ಎಲ್ಲದರಲ್ಲೂ ಆ ಬಾಯಿ ಇದೆ. ಬಲಗಡೆಯ ಭಾಗ ಉಚ್ಚಾರ ಹೇಳುತ್ತದೆ. ಒಂದೇ ಸಾಲಿನಲ್ಲಿ ಬಾಯಿಗಳು ಸಾಲುಗಟ್ಟಿ ನಿಂತಿದ್ದರೆ ಅಲ್ಲಿ ಏನೋ ಸದ್ದಾಗುತ್ತಿದೆ ಅಂತಲೇ ಅರ್ಥ.

ಬಾಯಿ ಇಲ್ಲದವು ಇನ್ನೂ ಮಜವಾಗಿವೆ. ಬಾಗಿಲಿನ 'ಫಂಗ್' ಬರೆಯುವಾಗ ಎಡಕ್ಕೆ ಕಲ್ಲು. ಎದೆಯ 'ಫಂಗ್‌ಫಂಗ್' ಬರೆಯುವಾಗ ಎಡಕ್ಕೆ ಹೃದಯ. ಬಲಭಾಗ ಎರಡಕ್ಕೂ ಒಂದೇ, ಉಚ್ಚಾರವೂ ಒಂದೇ. ಗುಡುಗುಟ್ಟುವ 'ಹೊಂಗ್'ನ ಹಳೆಯ ರೂಪದಲ್ಲಿ ಮೂರು ಗಾಡಿಗಳಿವೆ, ಒಂದು ಮೇಲೆ, ಎರಡು ಕೆಳಗೆ. ಮೂರು ಗಾಡಿ ಒಟ್ಟಿಗೆ ಉರುಳಿದರೆ ಇನ್ನೇನಾದೀತು!

ಟೇಬಲ್ ಟೆನಿಸ್‌ನ 'ಫಿಂಗ್‌ಫಾಂಗ್' ನೋಡಲೇಬೇಕು. ಸೈನಿಕ ಎನ್ನುವ ಅಕ್ಷರದ ಕೆಳಗೆ ಎರಡು ಕಾಲಿನಂಥ ಗೆರೆಗಳಿವೆ. ಬಲಗಾಲು ತೆಗೆದರೆ ಫಿಂಗ್. ಎಡಗಾಲು ತೆಗೆದರೆ ಫಾಂಗ್. ಮೇಜಿನ ಎರಡು ಕಡೆ ಒಂಟಿಕಾಲಲ್ಲಿ ನಿಂತು ಆಡುತ್ತಿರುವ ಹಾಗೆ ಕಾಣುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಟ್ಯಾಕ್ಸಿ ಆ್ಯಪ್ 'ಡೀಡೀ'ಯ ಹೆಸರು ಕಾರಿನ ಹಾರ್ನ್ ಸದ್ದು. 2012ರಲ್ಲಿ ಶುರುವಾದಾಗ ಅದನ್ನು ಬಾಯಿಯ ಅಕ್ಷರದಲ್ಲಿ ಬರೆಯುತ್ತಿದ್ದರು. 2014ರಲ್ಲಿ ನೀರಿನ ಹನಿಯ ಅಕ್ಷರಕ್ಕೆ ಬದಲಾಯಿಸಿದರು. ಕೇಳಲು ಎರಡೂ ಒಂದೇ.

ಹಂತ 8: ಥಳಥಳ, ಘಮಘಮಕ್ಕೆ ಈ ದಾರಿ ಇಲ್ಲ

ಕನ್ನಡ ದಾರಿ ತಪ್ಪಿಸುವುದು ಇಲ್ಲೇ. ನಾವು ಸದ್ದಿಲ್ಲದ್ದಕ್ಕೂ ಅನುಕರಣ ಪದ ಹಚ್ಚುತ್ತೇವೆ. ಪಾತ್ರೆ ಥಳಥಳ, ಸಾರು ಘಮಘಮ. ಇವುಗಳಿಗೆ ಕಿವಿಗೆ ಕೇಳುವ ಸದ್ದೇನೂ ಇಲ್ಲ. ಮ್ಯಾಂಡರಿನ್‌ನ ಅನುಕರಣ ಪದಗಳು ಹೆಚ್ಚಾಗಿ ಕೇಳುವ ಸದ್ದಿಗೇ ಅಂಟಿಕೊಂಡಿವೆ. ಹೊಳಪು, ವಾಸನೆ, ಬಣ್ಣಕ್ಕೆ ಬೇರೆ ಅಚ್ಚು: ಮೊದಲು ಗುಣದ ಪದ, ಅದರ ಬಾಲಕ್ಕೆ ಒಂದು ಜೋಡಿ. ಘಮಘಮ ಬೇಕಾದರೆ 'ಶ್ಯಾಂಗ್‌ಫನ್‌ಫನ್'. ಇಲ್ಲಿ ಶ್ಯಾಂಗ್ ಅಂದರೆ ಪರಿಮಳ. ಥಳಥಳ ಬೇಕಾದರೆ 'ಲ್ಯಾಂಗ್‌ಜಿಂಗ್‌ಜಿಂಗ್', ಲ್ಯಾಂಗ್ ಅಂದರೆ ಬೆಳಕು, ಹೊಳಪು. ಗುಣದ ಪದ ಬಿಟ್ಟು ಬರೀ 'ಫನ್‌ಫನ್' ಅಂದರೆ ಎದುರಿನವರು ಸುಮ್ನೆ ನಿಮ್ಮ ಮುಖ ನೋಡುತ್ತಾರೆ.

ಹಂತ 9: ಗಲಾಟೆಯ ಬಗ್ಗೆ ದೂರು ಕೊಡುವುದು

ಹೋಟೆಲ್ ಅಥವಾ ಹಾಸ್ಟೆಲ್‌ನಲ್ಲಿ ಇರುವವರಿಗೆ ನಾಲ್ಕು ವಾಕ್ಯ ಸಾಕು.

"ಗಬೀ ಥಾಯ್ ಛಾವ್ ಲ." ಪಕ್ಕದ ರೂಮಿನಲ್ಲಿ ತುಂಬಾ ಗಲಾಟೆ.
"ಲೋವ್‌ಷಾಂಗ್ ಥಾಯ್ ಛಾವ್ ಲ." ಮಹಡಿ ಮೇಲೆ ತುಂಬಾ ಗಲಾಟೆ.
"ವೋ ಷ್ವೇ ಬು ಜಾವ್." ನನಗೆ ನಿದ್ದೆ ಬರುತ್ತಿಲ್ಲ.
"ನಂಗ್ ಹ್ವಾನ್ ಗ ಫ಼ಾಂಗ್‌ಜಿಯೆನ್ ಮಾ?" ರೂಮು ಬದಲಿಸಿಕೊಡುತ್ತೀರಾ?

ಮಹಡಿ ಮೇಲಿನ ಸದ್ದು ಎಂಥದ್ದು ಎಂದು ಕೇಳಿದರೆ ಡೊಂಗ್‌ಡೊಂಗ್ ಅನ್ನಿ. ಕಾಲು ತುಳಿಯುವುದೋ ಏನೋ ಬಡಿಯುವುದೋ ಎಂದು ಅವರಿಗೆ ತಿಳಿಯುತ್ತದೆ.

ಚೀನಾದ ಹೊಸ ಶಬ್ದಮಾಲಿನ್ಯ ಕಾನೂನು 2022ರ ಜೂನ್ 5ರಿಂದ ಜಾರಿಯಲ್ಲಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗಿನ ಹೊತ್ತನ್ನು ಅದು ರಾತ್ರಿ ಎಂದು ಲೆಕ್ಕ ಹಾಕುತ್ತದೆ. ಕಾನೂನಿನ ಭಾಷೆಯಲ್ಲಿ ಪದ 'ತ್ಸಾವ್‌ಷಂಗ್', ಜನರ ಬಾಯಲ್ಲಿ 'ತ್ಸಾವ್‌ಯಿನ್'. ಸಂಜೆ ಚೌಕಗಳಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಿರಿಯ ಹೆಂಗಸರು ಗುಂಪಾಗಿ ಕುಣಿಯುವ 'ಗ್ವಾಂಗ್‌ಛಾಂಗ್‌ವೂ' ಅಲ್ಲಿ ಎಷ್ಟೋ ವರ್ಷದ ತಕರಾರು. ಕುಣಿಯುವವರಿಗೆ ಅದು ರನಾವ್, ಮೇಲಿನ ಮಹಡಿಯಲ್ಲಿ ಪರೀಕ್ಷೆಗೆ ಓದುವವರಿಗೆ ತ್ಸಾವ್‌ಯಿನ್. ಸರ್ಕಾರಿ ದೂರುಗಳಿಗೆ 12345 ನಂಬರ್ ಇದೆ.

ಹಂತ 10: ಚಾಟ್‌ನಲ್ಲಿ ನಗು, ಅಳು

ಮನಬಿಚ್ಚಿದ ನಗು 'ಹಾಹಾ'. ಕಿಸಕ್ಕನೆ ನಗು 'ಶೀಶೀ'. ಏನೋ ಕಿತಾಪತಿ ಮಾಡಿ ನಗುವುದು 'ಹೇಯ್‌ಹೇಯ್'. ಸೀನಿದರೆ 'ಆಥೀ'. ನೋವಾದರೆ 'ಆಯ್ಯೋ', ಅದನ್ನು ಕಲಿಸಬೇಕಾಗಿಯೇ ಇಲ್ಲ.

ಒಂದು ನಗುವಿನಿಂದ ದೂರವಿರಿ. 'ಹ' ಅನ್ನು ಬಾಯಿ ಪೂರ್ತಿ ತೆರೆಯದೆ ಎರಡು ಸಲ ಹೇಳುವ ಒಂದು ನಗು ಇದೆ. ನಿಘಂಟು ಅದನ್ನು ಮೆಲುನಗೆ ಎನ್ನುತ್ತದೆ. ಚಾಟ್‌ನಲ್ಲಿ ಮಾತ್ರ ಅದಕ್ಕೆ "ಹೂಂ, ಆಯ್ತಾಯ್ತು ಬಿಡಿ" ಎನ್ನುವ ತಾತ್ಸಾರ ಅಂಟಿಕೊಂಡಿದೆ, ಮುಖ್ಯವಾಗಿ ಹರೆಯದವರ ನಡುವೆ. ವಯಸ್ಸಾದವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ನಿಮ್ಮ ಮೇಷ್ಟರಿಂದ ಬಂದರೆ ಬೇಜಾರಾಗಬೇಡಿ, ಸಹಪಾಠಿಯಿಂದ ಬಂದರೆ ಸ್ವಲ್ಪ ಯೋಚಿಸಿ.

ಅಂಕಿಗಳೂ ಇವೆ. 233 ಅಂದರೆ ಬಿದ್ದು ಬಿದ್ದು ನಗುವುದು. ಮಾಪ್ ಎಂಬ ಹಳೆಯ ತಾಣದಲ್ಲಿ ನಗುವ ಚಿತ್ರದ ನಂಬರ್ 233 ಆಗಿತ್ತು, ಅಲ್ಲಿಂದ ಬಂದದ್ದು. ನಗು ಜಾಸ್ತಿಯಾದ ಹಾಗೆ 3 ಸೇರುತ್ತಾ ಹೋಗುತ್ತದೆ. 555 ಮಾತ್ರ ಅಳು. ಐದಕ್ಕೆ 'ವೂ' ಎನ್ನುತ್ತಾರೆ, ಅಳುವ ಸದ್ದೂ 'ವೂವೂ'. ಥಾಯ್ ಭಾಷೆಯಲ್ಲಿ ಐದು 'ಹಾ' ಆಗಿರುವುದರಿಂದ ಅಲ್ಲಿ 555 ಜೋರು ನಗು. ನಿಮ್ಮ ಗುಂಪಿನಲ್ಲಿ ಚೀನೀ ಗೆಳೆಯರೂ ಥಾಯ್ ಗೆಳೆಯರೂ ಇದ್ದರೆ ಐದನ್ನು ಮುಟ್ಟಬೇಡಿ, ಇಮೋಜಿ ಹಾಕಿಬಿಡಿ.